ಅಸಹಜ ಅಳತೆಯ ಚರಿತ್ರೆ: ಅಯಾನುಗಳ ಓಟ ಕಲಿಸಿದ ಪಾಠಗಳು

2025ರ ಜನವರಿಯಲ್ಲಿ ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಗ್ರಾಮದಲ್ಲಿ ದೊಡ್ಡ ಬಲೂನೊಂದು ಬಂದಿಳಿದು ಸುದ್ದಿಯಾಯಿತು. ಅದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಹೈದರಾಬಾದ್ ಬಲೂನು ಕೇಂದ್ರದಿಂದ ಹಾರಿಬಿಟ್ಟದ್ದು. 1969ರಲ್ಲಿ ಆರಂಭವಾದ ಈ ಕೇಂದ್ರದ ಬಲೂನುಗಳು ಗಾಳಿ ಒಯ್ದ ಕಡೆಗೆ ಸಾಗುತ್ತವೆ; ಕೆಲಸ ಮುಗಿದ ಮೇಲೆ ಉಪಕರಣಗಳ ಪೆಟ್ಟಿಗೆ ಪ್ಯಾರಾಚೂಟಿನ ನೆರವಿನಿಂದ ಕೆಳಗಿಳಿಯುತ್ತದೆ. ಅವು ಬಿದ್ದರೆ ಬಿಚ್ಚದೆ ಪೊಲೀಸರಿಗೆ ತಿಳಿಸಿ ಎಂದು ಕೇಂದ್ರವು ಆಗಾಗ ಸುತ್ತಲಿನ ಜಿಲ್ಲೆಗಳ ಜನರನ್ನು ಕೋರುತ್ತದೆ. ಆ ಜಿಲ್ಲೆಗಳಲ್ಲಿ ಬೀದರ್ ಕೂಡ ಒಂದು.

ಈ ಬಲೂನುಗಳು ಹೊತ್ತೊಯ್ದ ಉಪಕರಣಗಳಲ್ಲಿ ಒಂದು ಬಗೆ ನಮ್ಮ ಇಂದಿನ ವಿಷಯಕ್ಕೆ ಹತ್ತಿರದ್ದು. 1980ರ ದಶಕದಲ್ಲಿ 'ಭಾರತೀಯ ಮಧ್ಯ ವಾಯುಮಂಡಲ ಕಾರ್ಯಕ್ರಮ'ದ ಅಂಗವಾಗಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ಹೈದರಾಬಾದಿನಿಂದ ಬಲೂನುಗಳಲ್ಲಿ ಗೆರ್ಡಿಯನ್ ಸಂಧಾರಕಗಳನ್ನು ಕಳುಹಿಸಿ ಸ್ತರಗೋಳದ ಅಯಾನುಗಳನ್ನು ಅಳೆದರು. ಒಂದು ಕೊಳವೆ, ಅದರ ನಡುವೆ ಒಂದು ಸರಳು, ಎರಡರ ನಡುವೆ ವಿದ್ಯುತ್ ವಿಭವ. ಕೊಳವೆಯೊಳಗೆ ಹರಿಯುವ ಗಾಳಿಯಲ್ಲಿರುವ ಅಯಾನುಗಳು ಎಷ್ಟು ಬೇಗ ಸರಳಿನತ್ತ ಸರಿಯುತ್ತವೆ ಎಂಬುದೇ ಅಳತೆ. ಇದೇ ತತ್ತ್ವ ಇಂದು ಕೈಯಲ್ಲಿ ಹಿಡಿಯಬಹುದಾದ ಅನಿಲ ವಿಶ್ಲೇಷಕಗಳಲ್ಲಿ, ವಿಮಾನ ನಿಲ್ದಾಣಗಳ ಸ್ಫೋಟಕ ಪತ್ತೆ ಯಂತ್ರಗಳಲ್ಲಿ, ಕಾರ್ಖಾನೆಗಳ ಸೋರಿಕೆ ಸೂಚಕಗಳಲ್ಲಿ ಕೆಲಸ ಮಾಡುತ್ತಿದೆ.

ಇಂಥ ಯಂತ್ರ ಕೆಲವೊಮ್ಮೆ ವಿಚಿತ್ರವಾಗಿ ವರ್ತಿಸುತ್ತದೆ. ಇಲ್ಲದ ಅನಿಲವನ್ನು ಇದೆ ಎನ್ನುತ್ತದೆ. ಇರುವುದನ್ನು ಇಲ್ಲ ಎನ್ನುತ್ತದೆ. ಆಗ ಏನು ಮಾಡಬೇಕು? ತಯಾರಕರ ಕೈಪಿಡಿಯಲ್ಲಿ ಒಂದು ಪಟ್ಟಿ ಇರುತ್ತದೆ: ಒತ್ತಡ ನೋಡಿ, ತೇವ ನೋಡಿ, ಶೋಷಕ ಬದಲಿಸಿ ಎಂದು. ಆ ಪಟ್ಟಿಯ ಪ್ರತಿಯೊಂದು ಸಾಲಿನ ಹಿಂದೆಯೂ, ಎಲ್ಲೋ ಯಾರನ್ನೋ ಕಾಡಿದ ಒಂದು ಅಸಹಜ ಅಳತೆಯಿದೆ. ಅವುಗಳ ಚರಿತ್ರೆ ತಿಳಿದರೆ ಪಟ್ಟಿಯನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಓಟದ ಪಂದ್ಯ

1896ರಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಜೆ. ಜೆ. ಥಾಮ್ಸನ್ ಮತ್ತು ಅವರ ಶಿಷ್ಯ ಅರ್ನೆಸ್ಟ್ ರುದರ್‌ಫೋರ್ಡ್, ಹಿಂದಿನ ವರ್ಷವಷ್ಟೇ ಪತ್ತೆಯಾಗಿದ್ದ ಎಕ್ಸ್-ಕಿರಣಗಳನ್ನು ಅನಿಲಗಳ ಮೂಲಕ ಹಾಯಿಸಿದರು. ವಿದ್ಯುತ್ ನಿರೋಧಕವಾದ ಗಾಳಿ ವಿದ್ಯುತ್ತನ್ನು ಹರಿಯಗೊಟ್ಟಿತು. ಕಿರಣಗಳು ಅಣುಗಳನ್ನು ಅಯಾನುಗಳನ್ನಾಗಿ ಮಾಡಿದ್ದವು. 1897ರಲ್ಲಿ ರುದರ್‌ಫೋರ್ಡ್ ಈ ಅಯಾನುಗಳ ವೇಗವನ್ನು ಅಳೆದರು.

ನಿರ್ವಾತದಲ್ಲಾದರೆ ಅಯಾನಿನ ವೇಗ ಹೆಚ್ಚುತ್ತಲೇ ಹೋಗುತ್ತದೆ. ಗಾಳಿಯಲ್ಲಿ ಹಾಗಾಗದು. ಹೆಜ್ಜೆಹೆಜ್ಜೆಗೂ ಅಣುಗಳಿಗೆ ಡಿಕ್ಕಿ ಹೊಡೆಯುತ್ತ, ಜಾತ್ರೆಯ ಗುಂಪಿನಲ್ಲಿ ದಾರಿ ಮಾಡಿಕೊಳ್ಳುವವನಂತೆ, ಅದು ಒಂದು ಸರಾಸರಿ ವೇಗಕ್ಕೆ ಬಂದು ನಿಲ್ಲುತ್ತದೆ. ವಿದ್ಯುತ್ ಕ್ಷೇತ್ರದ ಪ್ರತಿ ಮಾನಕ್ಕೆ ಬರುವ ಈ ವೇಗವೇ ಅಯಾನಿನ ಚಲನಶೀಲತೆ. ಗಾತ್ರ ಹೆಚ್ಚಿದಷ್ಟೂ ಡಿಕ್ಕಿ ಹೆಚ್ಚು, ಚಲನಶೀಲತೆ ಕಡಿಮೆ. ಫ್ರಾನ್ಸಿನ ಪಾಲ್ ಲ್ಯಾಂಜೆವಿನ್ 1903ರಿಂದ 1905ರವರೆಗಿನ ಬರಹಗಳಲ್ಲಿ ಇದಕ್ಕೆ ಗಣಿತದ ತಳಹದಿ ಒದಗಿಸಿದರು.

ಆದರೆ ಮೊದಲ ಒಗಟು ಅದಕ್ಕೂ ಮುಂಚೆಯೇ ಬಂದಿತ್ತು. ಜಾನ್ ಜೆಲೆನಿ 1900ರ ಹೊತ್ತಿಗೆ ಎರಡು ಸಂಗತಿಗಳನ್ನು ತೋರಿಸಿದ್ದರು. ಒಂದು, ಋಣ ಅಯಾನುಗಳು ಧನ ಅಯಾನುಗಳಿಗಿಂತ ವೇಗವಾಗಿ ಓಡುತ್ತವೆ. ಇನ್ನೊಂದು, ಒಣ ಗಾಳಿಯಲ್ಲಿ ಸಿಕ್ಕ ವೇಗ ತೇವದ ಗಾಳಿಯಲ್ಲಿ ಸಿಗುವುದಿಲ್ಲ. ಋಣ ಅಯಾನುಗಳಲ್ಲಿ ಈ ವ್ಯತ್ಯಾಸ ಹೆಚ್ಚು. ನೀರಿನ ಅಣುಗಳು ಅಯಾನಿಗೆ ಅಂಟಿಕೊಂಡು ಅದರ ಗಾತ್ರವನ್ನು ಹೆಚ್ಚಿಸುತ್ತವೆ ಎಂದು ಇಂದು ನಾವು ವಿವರಿಸುತ್ತೇವೆ. ತೇವಾಂಶದ ಕಾಟ ಈ ಉಪಕರಣದಷ್ಟೇ ಹಳೆಯದು.

ಮೂವತ್ತು ವರ್ಷಗಳ ಗೊಂದಲ

ಮುಂದಿನ ಮೂರು ದಶಕಗಳಲ್ಲಿ ಬೇರೆ ಬೇರೆ ಪ್ರಯೋಗಾಲಯಗಳು ಒಂದೇ ಅನಿಲದ ಅಯಾನುಗಳಿಗೆ ಬೇರೆ ಬೇರೆ ಚಲನಶೀಲತೆಯನ್ನು ವರದಿ ಮಾಡಿದವು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಎ. ಎಂ. ಟಿಂಡಾಲ್ ಮತ್ತು ಸಂಗಡಿಗರು ಈ ಗೊಂದಲವನ್ನು ಬಿಡಿಸಲು ಕುಳಿತರು. ಅವರಲ್ಲಿ ಮುಂದೆ 1950ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಸೆಸಿಲ್ ಪೊವೆಲ್ ಕೂಡ ಇದ್ದರು. 1920ರ ದಶಕದ ಕೊನೆಯಲ್ಲಿ ಅವರು ಬಳಸಿದ ವಿಧಾನ ಇಂದಿನ ಉಪಕರಣಗಳ ಪೂರ್ವಜ. ವಿದ್ಯುತ್ತಿನಿಂದ ತೆರೆದು ಮುಚ್ಚುವ ಜಾಲರಿ ಬಾಗಿಲುಗಳ ಮೂಲಕ ಅಯಾನುಗಳ ಒಂದು ಗುಂಪನ್ನು ಓಟಕ್ಕೆ ಬಿಟ್ಟು, ಕೊನೆ ಮುಟ್ಟಲು ಹಿಡಿದ ಕಾಲವನ್ನು ಗುರುತಿಸುವುದೇ ಆ ವಿಧಾನ.

ಅವರು ಕಂಡ ಉತ್ತರ ಸರಳವಾಗಿತ್ತು: ದೋಷ ಗಡಿಯಾರದಲ್ಲಿರಲಿಲ್ಲ, ಅನಿಲದಲ್ಲಿತ್ತು. ಅತ್ಯಲ್ಪ ಪ್ರಮಾಣದ ಕಲ್ಮಷವಿದ್ದರೂ ಅಯಾನು ಓಡುತ್ತಿರುವಾಗಲೇ ತನ್ನ ಆವೇಶವನ್ನು ಕಲ್ಮಷದ ಅಣುವಿಗೆ ದಾಟಿಸುತ್ತಿತ್ತು. ಓಟ ಆರಂಭಿಸಿದ ಅಯಾನು ಒಂದು, ಗುರಿ ಮುಟ್ಟಿದ್ದು ಇನ್ನೊಂದು. ಅನಿಲವನ್ನು ಕಟ್ಟುನಿಟ್ಟಾಗಿ ಶುದ್ಧೀಕರಿಸಿದ ಮೇಲೆ ಅಳತೆಗಳು ಒಂದಕ್ಕೊಂದು ತಾಳೆಯಾದವು.

ಕಲ್ಮಷ ಒಬ್ಬರಿಗೆ ಕಾಟವಾದರೆ ಇನ್ನೊಬ್ಬರಿಗೆ ಸಂಪತ್ತು. 1949ರ ಸುಮಾರಿಗೆ ಇಂಗ್ಲೆಂಡಿನ ಜೇಮ್ಸ್ ಲವ್‌ಲಾಕ್ ಕೋಣೆಯೊಳಗಿನ ಮಂದ ಗಾಳಿಯ ವೇಗ ಅಳೆಯಲು ಅಯಾನುಗಳನ್ನು ಬಳಸುವ ಮಾಪಕವೊಂದನ್ನು ತಯಾರಿಸಿದರು. ಸಿಗರೇಟಿನ ಹೊಗೆ, ಕೆಲವು ಹ್ಯಾಲೊಜನ್ ಸಂಯುಕ್ತಗಳ ಆವಿ ಸೋಕಿದರೆ ಅದರ ಅಳತೆ ಕೆಡುತ್ತಿತ್ತು. ಗಾಳಿಮಾಪಕಕ್ಕೆ ಇದು ದೋಷ. ಅದೇ ದೋಷವನ್ನು ಬೆನ್ನುಹತ್ತಿದ ಲವ್‌ಲಾಕ್ 1957ರಲ್ಲಿ ಎಲೆಕ್ಟ್ರಾನ್ ಹಿಡಿಯುವ ಸಂಸೂಚಕವನ್ನು ರೂಪಿಸಿದರು. ಕೀಟನಾಶಕಗಳ ಅತ್ಯಲ್ಪ ಶೇಷಗಳನ್ನೂ ವಾತಾವರಣದಲ್ಲಿದ್ದ ಕ್ಲೋರೊಫ್ಲೂರೊಕಾರ್ಬನ್‌ಗಳನ್ನೂ ಜಗತ್ತಿಗೆ ತೋರಿಸಿದ್ದು ಈ ಸಂಸೂಚಕ.

ಏರಿಕೆ ಮತ್ತು ಇಳಿಕೆ

1970ರಲ್ಲಿ ಮಾರ್ಟಿನ್ ಕೋಹೆನ್ ಮತ್ತು ಕೆನಡಾದ ವಾಟರ್‌ಲೂ ವಿಶ್ವವಿದ್ಯಾನಿಲಯದ ಫ್ರಾನ್ಸಿಸ್ ಕರಾಸೆಕ್ 'ಪ್ಲಾಸ್ಮಾ ಕ್ರೊಮ್ಯಾಟೊಗ್ರಫಿ' ಎಂಬ ಹೆಸರಿನಲ್ಲಿ ಹೊಸ ವಿಶ್ಲೇಷಣಾ ವಿಧಾನವನ್ನು ಪ್ರಕಟಿಸಿದರು. ನಿಕಲ್-63 ಎಂಬ ವಿಕಿರಣಶೀಲ ಲೋಹದ ಹಾಳೆ ಗಾಳಿಯನ್ನು ಅಯಾನೀಕರಿಸುತ್ತದೆ. ಮಾದರಿಯ ಅಣುಗಳು ಆವೇಶ ಪಡೆದು ನಾಳದಲ್ಲಿ ಓಡುತ್ತವೆ. ಕೆಲವೇ ಮಿಲಿಸೆಕೆಂಡುಗಳಲ್ಲಿ ಪರದೆಯ ಮೇಲೆ ಶಿಖರಗಳು ಮೂಡುತ್ತವೆ. ನಿರ್ವಾತ ಪಂಪು ಬೇಡ, ತೂಕದ ಕಾಂತ ಬೇಡ. ರಸಾಯನ ವಿಜ್ಞಾನಿಗಳು ಉತ್ಸಾಹದಿಂದ ಮುನ್ನುಗ್ಗಿದರು. ಆ ದಶಕ ಕಳೆಯುವಷ್ಟರಲ್ಲಿ ಉತ್ಸಾಹ ಇಳಿಯಿತು. ಒಂದೇ ವಸ್ತುವಿಗೆ ಒಂದು ಕಡೆ ಒಂದು ಶಿಖರ, ಇನ್ನೊಂದು ಕಡೆ ಮೂರು.

ಕಾರಣ ಅರ್ಥವಾಗಬೇಕಾದರೆ ನಾಳದೊಳಗಿನ ರಸಾಯನ ಕ್ರಿಯೆಯನ್ನು ನೋಡಬೇಕು. ಧನ ವಿಧಾನದಲ್ಲಿ ಮೊದಲು ಹುಟ್ಟುವುದು ಪ್ರೋಟಾನು ಹೊತ್ತ ನೀರಿನ ಅಣುಗೊಂಚಲು. ಇದನ್ನು ಪ್ರತಿಕಾರಕ ಅಯಾನು ಎನ್ನುತ್ತಾರೆ. ಮಾದರಿಯ ಅಣುವಿಗೆ ಪ್ರೋಟಾನಿನ ಮೇಲೆ ನೀರಿಗಿಂತ ಹೆಚ್ಚು ಒಲವಿದ್ದರೆ ಅದು ಪ್ರೋಟಾನನ್ನು ಕಸಿದುಕೊಳ್ಳುತ್ತದೆ. ಈ ಒಲವನ್ನು ಪ್ರತಿ ಮೋಲ್‌ಗೆ ಕಿಲೋಜೌಲ್‌ಗಳಲ್ಲಿ ಹೇಳಿದರೆ ನೀರಿಗೆ ಸುಮಾರು 691, ಎಥನಾಲ್‌ಗೆ 776, ಅಸಿಟೋನ್‌ಗೆ 812, ಅಮೋನಿಯಕ್ಕೆ 854. ಆದ್ದರಿಂದ ಗಾಳಿಯಲ್ಲಿ ಸಾಕಷ್ಟು ಅಮೋನಿಯವಿದ್ದರೆ ಪ್ರೋಟಾನುಗಳೆಲ್ಲ ಅದರ ಪಾಲಾಗುತ್ತವೆ. ಎಥನಾಲ್ ಧಾರಾಳವಾಗಿದ್ದರೂ ಉಪಕರಣ ಸೊನ್ನೆ ತೋರಿಸುತ್ತದೆ.

ಬೀದರಿನ ಓದುಗರಿಗೆ ಇದನ್ನು ಮನದಟ್ಟು ಮಾಡಲು ಬಿದರಿ ಕಲೆಯ ಉದಾಹರಣೆ ಸಾಕು. ಸತುವು ಮತ್ತು ತಾಮ್ರದ ಮಿಶ್ರಲೋಹದ ಪಾತ್ರೆಗೆ ಬೆಳ್ಳಿಯ ಕುಸುರಿ ಮಾಡಿದ ಮೇಲೆ, ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರದ ಮಿಶ್ರಣದಿಂದ ಅದನ್ನು ಕಪ್ಪಾಗಿಸುತ್ತಾರೆ. ನವಸಾಗರವೆಂದರೆ ಅಮೋನಿಯಮ್ ಕ್ಲೋರೈಡ್. ಅದನ್ನು ಬಿಸಿ ಮಾಡಿದಾಗ ಸ್ವಲ್ಪ ಅಮೋನಿಯ ಹೊರಬರಬಹುದು. ಅಂಥ ಕೋಣೆಯಲ್ಲಾಗಲಿ, ದನದ ಕೊಟ್ಟಿಗೆಯ ಪಕ್ಕದಲ್ಲಾಗಲಿ ದ್ರಾವಕದ ಆವಿಯನ್ನು ಅಳೆಯಲು ಹೊರಟರೆ ಸಿಗುವ ಸೊನ್ನೆಯನ್ನು ನಂಬುವಂತಿಲ್ಲ.

1980ರ ದಶಕದಲ್ಲಿ ಈ ವಿಧಾನ ಮತ್ತೆ ತಲೆಯೆತ್ತಿದ್ದು ಈ ಪೈಪೋಟಿಯನ್ನೇ ಪಳಗಿಸಿ. ಬ್ರಿಟನ್ನಿನ ಸೇನೆಗೆ ತಯಾರಾದ ರಾಸಾಯನಿಕ ಅಸ್ತ್ರ ಸೂಚಕದಲ್ಲಿ ಉದ್ದೇಶಪೂರ್ವಕವಾಗಿ ಅಸಿಟೋನ್ ಆವಿಯನ್ನು ಬೆರೆಸಲಾಯಿತು. ಆಗ ಅಸಿಟೋನ್‌ಗಿಂತ ಕಡಿಮೆ ಒಲವಿನ ಸಾಮಾನ್ಯ ಆವಿಗಳು ಸ್ಪರ್ಧೆಯಿಂದ ಹೊರಬಿದ್ದವು. ನರಗಳನ್ನು ಘಾಸಿಗೊಳಿಸುವ ರಂಜಕ ಸಂಯುಕ್ತಗಳು ಉಳಿದವು. ಸ್ಫೋಟಕ ಪತ್ತೆಯಲ್ಲಿ ಋಣ ವಿಧಾನ ಬಳಸಿ, ಕ್ಲೋರಿನ್ ಸಂಯುಕ್ತದಿಂದ ಬರುವ ಕ್ಲೋರೈಡ್ ಅಯಾನುಗಳನ್ನು ಪ್ರತಿಕಾರಕವಾಗಿಸಿದರು. ಹೆಸರೂ 'ಅಯಾನು ಚಲನಶೀಲತಾ ರೋಹಿತಮಾಪನ' ಎಂದು ಬದಲಾಯಿತು.

ಎತ್ತರದ ಲೆಕ್ಕ

ಇನ್ನೊಂದು ಕಾರಣ ರಸಾಯನ ಕ್ರಿಯೆಗೆ ಸಂಬಂಧಿಸಿದ್ದಲ್ಲ. ಗಾಳಿ ದಟ್ಟವಾದಷ್ಟೂ ಡಿಕ್ಕಿ ಹೆಚ್ಚು; ಆದ್ದರಿಂದ ಓಟದ ಕಾಲ ಗಾಳಿಯ ಒತ್ತಡಕ್ಕೆ ಅನುಪಾತದಲ್ಲಿರುತ್ತದೆ. ಈ ಕಾರಣಕ್ಕೇ ಚಲನಶೀಲತೆಯನ್ನು 760 ಮಿಲಿಮೀಟರ್ ಪಾದರಸ ಒತ್ತಡ ಮತ್ತು 273 ಕೆಲ್ವಿನ್ ಉಷ್ಣತೆಗೆ ಇಳಿಸಿ ಹೇಳುವುದು ರೂಢಿ.

ತರಗತಿಯಲ್ಲಿ ಮಾಡಬಹುದಾದ ಒಂದು ಲೆಕ್ಕ ನೋಡಿ. ನಾಳದ ಉದ್ದ 6 ಸೆಂ.ಮೀ., ವಿದ್ಯುತ್ ಕ್ಷೇತ್ರ ಪ್ರತಿ ಸೆಂ.ಮೀ.ಗೆ 200 ವೋಲ್ಟ್, ಉಷ್ಣತೆ 300 ಕೆಲ್ವಿನ್ ಇರಲಿ. ಅಯಾನಿನ ಇಳಿಸಿದ ಚಲನಶೀಲತೆ 2 ಎಂದಿಟ್ಟುಕೊಳ್ಳಿ. ಇದರ ಮಾನ ಪ್ರತಿ ವೋಲ್ಟ್-ಸೆಕೆಂಡಿಗೆ ಚದರ ಸೆಂ.ಮೀ. ಸಮುದ್ರಮಟ್ಟದಲ್ಲಿ ವೇಗ ಸೆಕೆಂಡಿಗೆ ಸುಮಾರು 440 ಸೆಂ.ಮೀ., ಓಟದ ಕಾಲ ಸುಮಾರು 13.6 ಮಿಲಿಸೆಕೆಂಡ್. ಈಗ ಉಪಕರಣವನ್ನು ಬೀದರಿಗೆ ತನ್ನಿ. ನಗರವಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದಲ್ಲಿ. ಅಲ್ಲಿ ವಾಯುಭಾರ ಸಮುದ್ರಮಟ್ಟದ್ದರ ಸುಮಾರು ಶೇ. 92. ಓಟದ ಕಾಲ 12.6 ಮಿಲಿಸೆಕೆಂಡಿಗೆ ಇಳಿಯುತ್ತದೆ. ಒಂದು ಮಿಲಿಸೆಕೆಂಡ್ ಚಿಕ್ಕದೆನಿಸಬಹುದು. ಆದರೆ ಪಕ್ಕಪಕ್ಕದ ಎರಡು ವಸ್ತುಗಳ ಶಿಖರಗಳ ನಡುವಿನ ಅಂತರ ಹಲವು ಸಲ ಇದಕ್ಕಿಂತ ಕಡಿಮೆ. ಮುಂಬಯಿಯಲ್ಲಿ ಹೊಂದಿಸಿ ತಂದ ಉಪಕರಣದಲ್ಲಿ ಒತ್ತಡದ ತಿದ್ದುಪಡಿ ಕೆಲಸ ಮಾಡದಿದ್ದರೆ ಒಂದು ವಸ್ತುವಿಗೆ ಇನ್ನೊಂದರ ಹೆಸರು ಬರುತ್ತದೆ.

ಪ್ರತಿ 100 ಮೀಟರ್ ಎತ್ತರಕ್ಕೆ ಒತ್ತಡ ಶೇ. 1ಕ್ಕಿಂತ ತುಸು ಹೆಚ್ಚಾಗಿಯೇ ಬದಲಾಗುತ್ತದೆ. ಬೀದರ್ ನಗರದಲ್ಲಿ ಹೊಂದಿಸಿದ್ದನ್ನು ಭಾಲ್ಕಿಗೋ ಔರಾದಿಗೋ ಒಯ್ದರೂ ಅಲ್ಲಿಯ ವಾಯುಭಾರವನ್ನು ಅಲ್ಲಿಯೇ ನೋಡಬೇಕು. ಮೇ ತಿಂಗಳ ಬಿಸಿಲಿನಿಂದ ಮಳೆಗಾಲಕ್ಕೆ ಕಾಲಿಟ್ಟಾಗ ತೇವಾಂಶ ಬದಲಾಗುವುದನ್ನೂ ಮರೆಯುವಂತಿಲ್ಲ.

ವಿಚಿತ್ರ, ಆದರೆ ನಿಜ

ಅಸಹಜವಾದುದೆಲ್ಲ ದೋಷವಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನಿಗಳು ಗಾಳಿಯ ವಿದ್ಯುತ್ ವಾಹಕತೆ ಮತ್ತು ವಿಕಿರಣಶೀಲತೆಯನ್ನು ಜೊತೆಯಾಗಿ ಅಳೆದು 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ವಾಹಕತೆ ಬೆಳಗಿನ ಜಾವ ಏರುತ್ತಿತ್ತು, ಹಗಲಿನಲ್ಲಿ ಇಳಿಯುತ್ತಿತ್ತು. ರೇಡಾನ್ ಅಳತೆ ಜೊತೆಗಿಲ್ಲದಿದ್ದರೆ ಇದನ್ನು ಉಪಕರಣದ ತೇಲಾಟವೆನ್ನಬಹುದಿತ್ತು. ನೆಲದಿಂದ ಹೊಮ್ಮುವ ರೇಡಾನ್ ರಾತ್ರಿಯ ನಿಶ್ಚಲ ಗಾಳಿಯಲ್ಲಿ ನೆಲದ ಹತ್ತಿರವೇ ಶೇಖರವಾಗಿ ಹೆಚ್ಚು ಅಯಾನುಗಳನ್ನು ಸೃಷ್ಟಿಸುತ್ತದೆ. ಹಗಲಿನಲ್ಲಿ ಅದು ಮೇಲಕ್ಕೆ ಚದುರುತ್ತದೆ, ದೂಳಿನ ಕಣಗಳು ಅಯಾನುಗಳನ್ನು ನುಂಗುತ್ತವೆ. ಎರಡನೆಯ, ಸ್ವತಂತ್ರ ಅಳತೆಯೇ ಇಲ್ಲಿ ತೀರ್ಪು ಕೊಟ್ಟಿತು.

ಸ್ಫೋಟಕ ಪತ್ತೆ ಯಂತ್ರಗಳಲ್ಲೂ ಇದೇ ಮಾತು. ಹೃದ್ರೋಗಿಯೊಬ್ಬರ ನೈಟ್ರೊಗ್ಲಿಸರಿನ್ ಗುಳಿಗೆಗೆ ಯಂತ್ರ ಕೂಗಿದರೆ ಅದು ತಪ್ಪಿದೆ ಎನ್ನಲಾಗದು. ನೈಟ್ರೊಗ್ಲಿಸರಿನ್ ಸ್ಫೋಟಕವೂ ಹೌದು, ಔಷಧವೂ ಹೌದು. ಬೀದರಿನಲ್ಲಿ 2020ರಲ್ಲಿ ನಾಗರಿಕ ವಿಮಾನಯಾನ ಆರಂಭವಾಯಿತು. ತೊಗರಿಗೆ 13-0-45 ಸಿಂಪಡಿಸಿದ ಔರಾದಿನ ರೈತರೊಬ್ಬರು ಅದೇ ಚೀಲ ಹಿಡಿದು ವಿಮಾನ ಹತ್ತಲು ಬಂದರೆ, ಚೀಲಕ್ಕೆ ಅಂಟಿದ್ದು ಪೊಟ್ಯಾಸಿಯಮ್ ನೈಟ್ರೇಟ್. ಯಂತ್ರ ನೈಟ್ರೇಟನ್ನು ಕಾಣಬಲ್ಲದು. ಅದು ಹೊಲದ್ದೋ ಬಾಂಬಿನದೋ ಹೇಳಲಾರದು. ಅದನ್ನು ಕೇಳಿ ತಿಳಿಯಬೇಕಾದವರು ಮನುಷ್ಯರು.

'ಸುಳ್ಳು' ಎಂದು ಬದಿಗಿಟ್ಟ ಕೂಗು

1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಸೇನೆ ಅಮೆರಿಸಿಯಮ್-241 ಮೂಲದ ಅಯಾನು ಸೂಚಕಗಳನ್ನು ಮರಳುಗಾಡಿನಲ್ಲಿ ಸಾಲಾಗಿ ಇಟ್ಟಿತ್ತು. ಅವು ಸಾವಿರಾರು ಸಲ ಕೂಗಿದವು. ಡೀಸೆಲ್ ಹೊಗೆ, ದೂಳು, ಬಿಸಿ, ಕ್ಷೀಣಿಸಿದ ಬ್ಯಾಟರಿ, ಹೀಗೆ ಕಾರಣಗಳು ಹಲವಿದ್ದವು. ಕೂಗಿದ್ದೆಲ್ಲ ಸುಳ್ಳೆಂಬ ಭಾವನೆ ಬೆಳೆಯಿತು. ಯುದ್ಧ ಮುಗಿದ ಮೇಲೆ, ಮಾರ್ಚ್ 1991ರಲ್ಲಿ, ಇರಾಕಿನ ಖಮಿಸಿಯಾದಲ್ಲಿ ಸೈನಿಕರು ಶಸ್ತ್ರಾಗಾರವೊಂದನ್ನು ಸ್ಫೋಟಿಸಿದರು. ಅಲ್ಲಿದ್ದ ರಾಕೆಟ್‌ಗಳಲ್ಲಿ ನರವಿಷ ಸಾರಿನ್ ಇತ್ತೆಂದು ಅಮೆರಿಕದ ರಕ್ಷಣಾ ಇಲಾಖೆ ಒಪ್ಪಿಕೊಂಡದ್ದು 1996ರಲ್ಲಿ.

2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸಾವಿರಕ್ಕೂ ಹೆಚ್ಚು ಮಾಜಿ ಸೈನಿಕರನ್ನು ಪರಿಶೀಲಿಸಿತು. ಅವರಿಗೆ ಕೇಳಿದ ಪ್ರಶ್ನೆಗಳಲ್ಲಿ ಒಂದು, ನರವಿಷದ ಎಚ್ಚರಿಕೆ ಗಂಟೆ ನಿಮ್ಮ ಕಿವಿಗೆ ಬಿದ್ದಿತ್ತೇ ಎಂಬುದು. ಗಂಟೆ ಕೇಳಿದ್ದವರಲ್ಲಿ, ಸಾರಿನ್ ಅನ್ನು ನಿಷ್ಕ್ರಿಯಗೊಳಿಸುವ ಕಿಣ್ವದ ದುರ್ಬಲ ರೂಪ ಅನುವಂಶೀಯವಾಗಿ ಬಂದವರಿಗೆ 'ಕೊಲ್ಲಿ ಯುದ್ಧದ ಕಾಯಿಲೆ' ಹೆಚ್ಚಾಗಿತ್ತು. ಒಂದು ಅಧ್ಯಯನದಿಂದ ಎಲ್ಲವೂ ಇತ್ಯರ್ಥವಾಗದು. ಆದರೆ ಮೂವತ್ತು ವರ್ಷ ಹಿಂದೆ ಬದಿಗಿಟ್ಟ ಕೂಗುಗಳು ಮತ್ತೆ ದತ್ತಾಂಶವಾದವು. ಆಗಲೇ ಪ್ರತಿ ಕೂಗಿನ ಹೊತ್ತು, ಸ್ಥಳ, ಗಾಳಿಯ ದಿಕ್ಕು, ಪಕ್ಕದಲ್ಲಿದ್ದ ವಾಹನ ಎಲ್ಲವನ್ನೂ ಬರೆದಿಟ್ಟಿದ್ದರೆ ಇಂದು ನೆನಪನ್ನು ನಂಬಬೇಕಾಗಿರಲಿಲ್ಲ.

ದೋಷ ಹುಡುಕುವ ಕ್ರಮ

ಈ ಚರಿತ್ರೆಯಿಂದ ಒಂದು ಕ್ರಮ ತಾನಾಗಿಯೇ ಹೊಮ್ಮುತ್ತದೆ.

1. ಮೊದಲು ಬರೆದಿಡಿ. ಉಪಕರಣವನ್ನು ಆರಿಸಿ ಮತ್ತೆ ಹಚ್ಚುವ ಮುನ್ನ ಸಮಯ, ಉಷ್ಣತೆ, ವಾಯುಭಾರ, ತೇವಾಂಶ, ಸುತ್ತಲಿನ ವಾಸನೆ, ನಡೆಯುತ್ತಿದ್ದ ಕೆಲಸವನ್ನು ದಾಖಲಿಸಿ.

2. ಪ್ರತಿಕಾರಕ ಅಯಾನಿನ ಶಿಖರ ನೋಡಿ. ಶುದ್ಧ ಗಾಳಿಯಲ್ಲೂ ಅದು ಇರಲೇಬೇಕು. ಅದು ಜಾಗ ಬದಲಿಸಿದ್ದರೆ ಒತ್ತಡ, ಉಷ್ಣತೆ, ವಿಭವಗಳಲ್ಲಿ ವ್ಯತ್ಯಾಸವಾಗಿದೆ. ಎಲ್ಲ ಶಿಖರಗಳೂ ಒಂದೇ ಅನುಪಾತದಲ್ಲಿ ಸರಿದಿದ್ದರೆ ಇದು ಇನ್ನೂ ಖಚಿತ.

3. ಶಿಖರ ಅಗಲವಾಗಿದ್ದರೆ, ಬೇಡದ ಮರಿ ಶಿಖರಗಳಿದ್ದರೆ ತೇವವನ್ನು ಶಂಕಿಸಿ. ಒಳಗಿನ ಗಾಳಿಯನ್ನು ಒಣಗಿಸುವ ಅಣುಜರಡಿ ಹರಳುಗಳು ದಣಿದಿರಬಹುದು, ಇಲ್ಲವೆ ಎಲ್ಲೋ ಸೋರಿಕೆಯಿರಬಹುದು.

4. ಶುದ್ಧ ಗಾಳಿಯಲ್ಲೂ ವಸ್ತುವಿನ ಶಿಖರ ಮಾಯವಾಗದಿದ್ದರೆ ಹಿಂದಿನ ಮಾದರಿ ಒಳಗೋಡೆಗೋ ಪೊರೆಗೋ ಅಂಟಿಕೊಂಡಿದೆ. ಬಿಸಿ ಮಾಡಿ, ಶುದ್ಧ ಗಾಳಿ ಹಾಯಿಸಿ ಕಾಯಬೇಕು.

5. ಪ್ರತಿಕಾರಕ ಶಿಖರವೇ ಕುಸಿದಿದ್ದರೆ ಸೊನ್ನೆಯನ್ನೂ ಕಡಿಮೆ ಅಂಕಿಯನ್ನೂ ನಂಬಬೇಡಿ. ಅನಿಲ ಮಿತಿಮೀರಿದಾಗ ಆವೇಶ ಹಂಚಲು ಅಯಾನುಗಳೇ ಉಳಿಯುವುದಿಲ್ಲ. ಪ್ರಮಾಣ ಏರುತ್ತಿದ್ದರೂ ಅಳತೆ ಏರದು. ಮಾದರಿಯನ್ನು ಶುದ್ಧ ಗಾಳಿಯೊಡನೆ ತೆಳುಗೊಳಿಸಿ ಮತ್ತೆ ಅಳೆಯಿರಿ. ಅಮೋನಿಯದಂಥ ಪ್ರಬಲ ಸ್ಪರ್ಧಿ ಹತ್ತಿರದಲ್ಲಿದೆಯೇ ಎಂದೂ ನೋಡಿ.

6. ಅಯಾನು ಮೂಲವನ್ನು ಕೊನೆಗೆ ಶಂಕಿಸಿ. ನಿಕಲ್-63ರ ಅರ್ಧಾಯು ಸುಮಾರು 100 ವರ್ಷ. ಆರು ತಿಂಗಳಲ್ಲಿ ಕುಗ್ಗಿದ ಅಳತೆಗೆ ಅದು ಕಾರಣವಾಗದು. ಟ್ರಿಟಿಯಮ್ ಆದರೆ ಅರ್ಧಾಯು 12.3 ವರ್ಷ, ಹತ್ತು ವರ್ಷಕ್ಕೆ ಶೇ. 57 ಮಾತ್ರ ಉಳಿಯುತ್ತದೆ. ವಿಕಿರಣಶೀಲ ಮೂಲವಿರುವ ಭಾಗವನ್ನು ಪರವಾನಗಿಯುಳ್ಳ ತಜ್ಞರ ಹೊರತು ಯಾರೂ ಬಿಚ್ಚಕೂಡದು.

7. ತಿಳಿದ ಪ್ರಮಾಣದ ಪರೀಕ್ಷಾ ಅನಿಲದಿಂದಲೂ, ಬೇರೆ ತತ್ತ್ವದ ಇನ್ನೊಂದು ಉಪಕರಣದಿಂದಲೂ ತಾಳೆ ನೋಡಿ. ಆಮೇಲೆ ಮಾತ್ರ 'ಸುಳ್ಳು' ಎಂಬ ಪದ ಬಳಸಿ.

ಈ ಕ್ರಮಕ್ಕೆ ಬೀದರಿನಲ್ಲಿ ವಿಶೇಷ ಬೆಲೆಯಿದೆ. ನಗರದ ಅಂಚಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಔಷಧ ಮತ್ತು ರಾಸಾಯನಿಕ ಘಟಕಗಳಿವೆ; ಗಾಳಿಯ ವಾಸನೆಯ ಬಗ್ಗೆ ಸುತ್ತಲಿನ ಜನ ದೂರುತ್ತ ಬಂದಿದ್ದಾರೆ. ಇಂಥ ಕಡೆ ಒಂದು ಅಂಕಿ ಕಾರ್ಖಾನೆಯ ಕಾರ್ಮಿಕನಿಗೂ ಪಕ್ಕದ ಹಳ್ಳಿಯ ತಾಯಿಗೂ ಅಧಿಕಾರಿಗೂ ಮುಖ್ಯ. ಹೆಚ್ಚಿನ ಅಂಕಿಯನ್ನು ಯಂತ್ರದ ದೋಷವೆಂದು ತಳ್ಳಿಹಾಕುವುದು ಸುಲಭ; ಸೊನ್ನೆಯನ್ನು ಕ್ಷೇಮವೆಂದು ಓದುವುದು ಇನ್ನೂ ಸುಲಭ. ಎರಡಕ್ಕೂ ಕಾರಣ ಕೇಳಬೇಕು.

ಬೀದರ್, ಭಾಲ್ಕಿ, ಔರಾದಿನ ಕಾಲೇಜುಗಳಲ್ಲಿ ಇಂಥ ದುಬಾರಿ ವಿಶ್ಲೇಷಕ ಇಲ್ಲದಿರಬಹುದು. ಆದರೂ ಅಧ್ಯಾಪಕರು ಈ ಶಿಸ್ತನ್ನು ಕಲಿಸಬಹುದು. ವಿದ್ಯಾರ್ಥಿಗಳು ಒಂದು ವರ್ಷ ಕಾಲ ತಮ್ಮ ಊರಿನ ವಾಯುಭಾರ, ಉಷ್ಣತೆ, ತೇವಾಂಶವನ್ನು ದಿನವೂ ಬರೆದಿಡಲಿ. ಮೇಲಿನ ಸೂತ್ರದಿಂದ ಪ್ರತಿ ತಿಂಗಳು ಓಟದ ಕಾಲ ಎಷ್ಟು ಬದಲಾದೀತೆಂದು ಲೆಕ್ಕ ಹಾಕಲಿ. ಎಂದಾದರೂ ಅಂಥ ಯಂತ್ರ ಅವರ ಕೈಗೆ ಬಂದ ದಿನ, ಅದು ತೋರಿಸುವ ಅಂಕಿಯ ಜೊತೆ ಇಟ್ಟು ನೋಡಲು ಊರಿನ ಗಾಳಿಯ ದಾಖಲೆ ಸಿದ್ಧವಾಗಿರುತ್ತದೆ.